ಶನಿವಾರ ಕೈಕೊಟ್ಟಿತು, ಭಾನುವಾರ ಸಂಜೆ ಕುದುರಿತು: ಎಲ್ಲಿ ತಪ್ಪಿದೆವು?

ಪ್ರಶ್ನೆ: ಸರ್, ನಾವಿಬ್ಬರೂ ದಾವಣಗೆರೆ ಕಡೆಯವರು. ಬೆಂಗಳೂರಿಗೆ ಬಂದು ಒಂದು ವರ್ಷ ಆಯಿತು, ರಾಜರಾಜೇಶ್ವರಿ ನಗರದಲ್ಲಿ ಮನೆ. ವಾರವಿಡೀ ಆಫೀಸು, ಶನಿವಾರ ಭಾನುವಾರ ಮೊಬೈಲ್ ನೋಡಿಕೊಂಡೇ ಕಳೆದುಹೋಗುತ್ತದೆ. ಬೇಜಾರಾಗಿ ಫೆಬ್ರವರಿಯ ಒಂದು ವಾರಾಂತ್ಯ ಪಟ್ಟಿ ಮಾಡಿಕೊಂಡು ಹೊರಟೆವು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಲಾಲ್‌ಬಾಗ್, ಗಾಜಿನ ಮನೆ ಮುಂದೆ ಕೂತು ಹೊಸ ವಾಟರ್ ಕಲರ್ ಸೆಟ್ಟಿನಲ್ಲಿ ಚಿತ್ರ ಬಿಡಿಸಿದೆ. ಕೆಸರಾಯಿತು. ಅಲ್ಲಿಂದ ಗಾಂಧಿ ಬಜಾರಿಗೆ ದೋಸೆಗೆ ಹೋಗಿ ಒಂದು ಗಂಟೆಗೂ ಜಾಸ್ತಿ ಕ್ಯೂ ನಿಂತೆವು. ಮೂರು ಗಂಟೆಗೆ ಇಂದಿರಾನಗರದಲ್ಲಿ ಮಣ್ಣಿನ ಪಾತ್ರೆ ಮಾಡುವ ಕ್ಲಾಸು, ಅದು ಚೆನ್ನಾಗಿತ್ತು. ಏಳೂವರೆಗೆ ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ. ಹತ್ತು ನಿಮಿಷ ತಡವಾಗಿ ಮುಟ್ಟಿದೆವು, ಬಾಗಿಲು ಹಾಕಿತ್ತು. ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಹೋದರೆ ಮಂಜು ಬಿಟ್ಟು ಏನೂ ಕಾಣಲಿಲ್ಲ. ಸಂಜೆ ಸುಮ್ನೆ ಕಬ್ಬನ್ ಪಾರ್ಕಿಗೆ ಹೋದೆವು. ಯಾವುದೋ ಹಕ್ಕಿ ಟುಕ್ ಟುಕ್ ಅಂತ ಬಿಡದೆ ಕೂಗುತ್ತಿತ್ತು. ಮರ್ಲಿನ್ ಆ್ಯಪ್ ಹಾಕಿದರೆ ಕಾಪರ್‌ಸ್ಮಿತ್ ಬಾರ್ಬೆಟ್ ಅಂತ ತೋರಿಸಿತು. ಕತ್ತು ನೋಯುವವರೆಗೂ ಹುಡುಕಿ ಕೊನೆಗೂ ನೋಡಿದೆವು. ಎರಡು ದಿನದಲ್ಲಿ ಅದೊಂದೇ ಪೂರ್ತಿ ಖುಷಿ. ಕ್ಲಾಸಿನಿಂದ ಮನೆಗೆ ತಂದ ಬಟ್ಟಲು ಮಂಗಳವಾರದ ಹೊತ್ತಿಗೆ ಬಿರುಕು ಬಿಟ್ಟಿತು. ನಾವು ಎಲ್ಲಿ ತಪ್ಪಿದೆವು? ಹೆಂಡತಿ ಪಾಟರಿ ವೀಲ್ ಕೊಳ್ಳೋಣ ಅನ್ನುತ್ತಿದ್ದಾಳೆ. ನನಗೆ ಚಿತ್ರ ಬಿಟ್ಟುಬಿಡೋಣ ಅನಿಸಿದೆ. ಏನು ಮಾಡಲಿ?

ಉತ್ತರ: ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ವೀಲ್ ಕೊಳ್ಳಬೇಡಿ. ಚಿತ್ರ ಬಿಡಬೇಡಿ. ದುಡ್ಡು ಹಾಕಲೇಬೇಕು ಅಂತಿದ್ದರೆ ಒಂದು ಬೈನಾಕ್ಯುಲರ್‌ಗೆ ಹಾಕಿ. ಈಗ ಕಾರಣಕ್ಕೆ ಬರೋಣ.

ವಾರಾಂತ್ಯದಲ್ಲಿ ಜನರನ್ನು ಸೇರಿಸಿಕೊಂಡು ಊರೊಳಗೆ ಅಲ್ಲಲ್ಲಿ ಕೂತು ಚಿತ್ರ ಬಿಡಿಸುವುದು, ಹೇಳಿಕೊಡುವುದು ನನ್ನ ಕೆಲಸ. ನಿಮ್ಮಂಥ ಶನಿವಾರ ಮುಗಿಸಿ ಬಂದವರು ನನಗೆ ತುಂಬಾ ಸಿಗುತ್ತಾರೆ. ಹೆಚ್ಚಿನವರು "ನನಗೆ ಕೈ ಇಲ್ಲ ಸರ್" ಅಂತಲೇ ಶುರು ಮಾಡುತ್ತಾರೆ. ಕೈಯ ಮಾತು ಆಮೇಲೆ. ನಿಮ್ಮ ಪತ್ರದಲ್ಲಿ ಕೆಟ್ಟಿದ್ದೆಲ್ಲ ಹೊತ್ತಿನಿಂದ, ಹವೆಯಿಂದ, ಓಡಾಟದಿಂದ ಕೆಟ್ಟಿದೆ. ಚಿತ್ರವನ್ನು ಕೆಡಿಸಿದ್ದು ಹತ್ತು ಗಂಟೆಯ ಬಿಸಿಲು. ಬಟ್ಟಲನ್ನು ಒಡೆದದ್ದು ಫೆಬ್ರವರಿಯ ಒಣ ಗಾಳಿ. ನಾಟಕ ತಪ್ಪಿಸಿದ್ದು ಇಂದಿರಾನಗರ. ಕಬ್ಬನ್ ಪಾರ್ಕಿನಲ್ಲಿ ಮಾತ್ರ ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲಿ, ಮುಂದೆಲ್ಲೂ ಓಡುವ ಅವಸರ ಇಲ್ಲದೆ ಇದ್ದಿರಿ. ಅದು ಪಟ್ಟಿಯಲ್ಲೇ ಇರಲಿಲ್ಲ ನೋಡಿ.

ಚಿತ್ರದಿಂದ ಶುರು ಮಾಡೋಣ, ಅದು ನನ್ನ ಹೊಲ.

ಮೊದಲ ದಿನವೇ ಗಾಜಿನ ಮನೆಗೆ ಕೈ ಹಾಕಿದ್ದೀರಿ. ಧೈರ್ಯ ಮೆಚ್ಚಬೇಕು. ಆದರೆ ಬೆಂಗಳೂರಿನಲ್ಲಿ ಅದಕ್ಕಿಂತ ಕಷ್ಟದ ಕಟ್ಟಡ ಹುಡುಕಿದರೂ ಸಿಗುವುದು ಕಷ್ಟ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ನೋಡಿ ಅದೇ ಮಾದರಿಯಲ್ಲಿ 1889ರಲ್ಲಿ ಶುರು ಮಾಡಿದ್ದು, ಪೂರ್ತಿ ಕಬ್ಬಿಣ ಮತ್ತು ಗಾಜು. ಗಾಜಿಗೆ ಅದರದೇ ಬಣ್ಣ ಅಂತಿಲ್ಲ. ಹಿಂದಿನ ಮರ ಕಾಣುತ್ತದೆ, ಮೇಲಿನ ಆಕಾಶವೂ ಅದರಲ್ಲೇ ಕಾಣುತ್ತದೆ. ಕಮಾನಿನ ಮೇಲೆ ಕಮಾನು, ಅದರ ಮೇಲೆ ಇನ್ನೊಂದು. ಒಂದು ಗೆರೆ ಸೊಟ್ಟಗಾದರೆ ಉಳಿದದ್ದೆಲ್ಲ ಅದರ ಹಿಂದೆ ಸೊಟ್ಟಗಾಗುತ್ತದೆ. ಅದೂ ಹತ್ತು ಗಂಟೆಗೆ. ಫೆಬ್ರವರಿಯಲ್ಲಿ ಹತ್ತಾದ ಮೇಲೆ ಬಿಸಿಲು ಬೆಳ್ಳಗೆ ಹೊಡೆಯುತ್ತದೆ, ಗಾಜು ಪಳಪಳ ಅನ್ನುತ್ತದೆ, ನೆರಳು ಮೋಟಾಗುತ್ತದೆ. ನೆರಳಿಲ್ಲದ ವಸ್ತುವಿಗೆ ಕಾಗದದ ಮೇಲೆ ಮೈ ಬರುವುದಿಲ್ಲ, ಚಪ್ಪಟೆಯಾಗಿ ಕೂರುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ: ಏನೋ ಕಮ್ಮಿಯಾಯಿತು ಅಂತ ಇನ್ನೊಂದಿಷ್ಟು ಬಣ್ಣ ಹಾಕುವುದು, ಅದರ ಮೇಲೆ ಮತ್ತೊಂದಿಷ್ಟು. ನಿಮ್ಮ ಕೆಸರು ಹುಟ್ಟಿದ್ದು ಅಲ್ಲೇ.

ವಾಟರ್ ಕಲರ್ ಪಾರದರ್ಶಕ. ಕೆಳಗಿನ ಪದರದ ಬಣ್ಣ ಮೇಲಿನದರ ಮೂಲಕ ಕಾಣುತ್ತಿರಬೇಕು, ಕಾಗದದ ಬಿಳುಪು ಅವೆರಡರ ಮೂಲಕವೂ ಹೊಳೆಯಬೇಕು. ಮೂರು ನಾಲ್ಕು ಬಣ್ಣ ಒಂದರ ಮೇಲೊಂದು ಬಿದ್ದರೆ ಬೆಳಕು ಕಾಗದದವರೆಗೆ ಇಳಿದು ವಾಪಸ್ ಬರುವುದೇ ಇಲ್ಲ, ಎಲ್ಲ ಕಂದಾಗುತ್ತದೆ. ಇದಕ್ಕೆ ಒಣ ಹವೆಯೂ ಸೇರಿತು. ಆ ಬಿಸಿಲಿನಲ್ಲಿ ನೀವು ಆಕಾಶದ ಎಡ ತುದಿಯಿಂದ ಬಲ ತುದಿಗೆ ಬರುವಷ್ಟರಲ್ಲಿ ಎಡಗಡೆ ಅರ್ಧ ಒಣಗಿರುತ್ತದೆ. ಅರ್ಧ ಒಣಗಿದ ಬಣ್ಣಕ್ಕೆ ಒದ್ದೆ ಬ್ರಷ್ ತಾಗಿದರೆ ಹೂಕೋಸಿನ ಥರ ಅಂಚಂಚಾದ ಕಲೆ ಎದ್ದೇಳುತ್ತದೆ. ನಿಮ್ಮ ಚಿತ್ರದಲ್ಲಿ ಅಂಥ ಕಲೆ ಇದೆಯಾ ನೋಡಿಕೊಳ್ಳಿ, ಇದ್ದೇ ಇರುತ್ತದೆ. ನಿಯಮ ಸುಲಭ. ಪೂರ್ತಿ ಒದ್ದೆ ಇದ್ದಾಗ ಮುಟ್ಟಿ, ಇಲ್ಲವೇ ಪೂರ್ತಿ ಒಣಗಿದ ಮೇಲೆ ಮುಟ್ಟಿ. ನಡುವೆ ಕೈ ಕಟ್ಟಿಕೊಂಡು ಕೂತು ಟೀ ಕುಡಿಯಿರಿ.

ಕಾಗದದ ವಿಷಯ ನೀವು ಬರೆದೇ ಇಲ್ಲ. ಬರೆಯದವರೆಲ್ಲ ಸಾಮಾನ್ಯವಾಗಿ ಡ್ರಾಯಿಂಗ್ ಬುಕ್ಕಿನ ತೆಳು ಹಾಳೆಯ ಮೇಲೆ ಮಾಡಿರುತ್ತಾರೆ. ಅದು ನೀರು ಕಂಡ ತಕ್ಷಣ ಉಬ್ಬಿ, ಬಣ್ಣ ತಗ್ಗಿನಲ್ಲಿ ನಿಂತು ಕೊಳವಾಗುತ್ತದೆ. ದುಬಾರಿ ಬಣ್ಣ, ಅಗ್ಗದ ಕಾಗದ ತಗೊಳ್ಳುವುದು ಎಲ್ಲ ಹೊಸಬರೂ ಮಾಡುವ ಕೆಲಸ. ಉಲ್ಟಾ ಮಾಡಿ. ಶಾಲೆ ಮಕ್ಕಳ ಬಣ್ಣ ಆದರೂ ನಡೆಯುತ್ತದೆ, ಕಾಗದ ಮಾತ್ರ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ), ಕೋಲ್ಡ್ ಪ್ರೆಸ್ (ಮೈ ಸ್ವಲ್ಪ ತರಿತರಿ ಇರುವುದು) ಇರಲಿ. ಅಂಗೈಯಗಲ ತುಂಡು ಮಾಡಿಕೊಂಡರೆ ಒಂದು ಹಾಳೆ ಎಷ್ಟೋ ದಿನ ಬರುತ್ತದೆ. ಚಿಕ್ಕದಾದಷ್ಟೂ ಒಣಗುವ ಮುಂಚೆ ಮುಗಿಸಬಹುದು, ಈ ಹವೆಯಲ್ಲಿ ಅದೇ ದೊಡ್ಡ ಲಾಭ.

ಮುಂದಿನ ಸಲವೂ ಲಾಲ್‌ಬಾಗಿಗೇ ಹೋಗಿ. ಆದರೆ ಗಾಜಿನ ಮನೆಗೆ ಬೆನ್ನು ಹಾಕಿ ಬಂಡೆ ಕಡೆ ನಡೆಯಿರಿ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಪೆನಿನ್ಸುಲರ್ ನೈಸ್ ಅಂತ ಕರೆಯುವ ಕಲ್ಲು. ಆ ಹೆಸರು ಕೊಟ್ಟವರು ಭೂವಿಜ್ಞಾನಿ ಡಬ್ಲ್ಯು.ಎಫ್. ಸ್ಮೀತ್, 1916ರಲ್ಲಿ. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿ ಫಲಕ ಹಾಕಿದ್ದಾರೆ. ಅಲ್ಲಿಗೆ ಹೋದವರಲ್ಲಿ ಎಷ್ಟೋ ಜನ ಫಲಕದ ಪಕ್ಕದಲ್ಲೇ ಕೂತು ಕಡ್ಲೆಕಾಯಿ ತಿಂದು ಬರುತ್ತಾರೆ, ಓದುವುದಿಲ್ಲ. ಅದಿರಲಿ. ನಮ್ಮಂಥವರಿಗೆ ಆ ಬಂಡೆ ಇಷ್ಟವಾಗುವುದು ಬೇರೆ ಕಾರಣಕ್ಕೆ. ಅದನ್ನು ತಪ್ಪಾಗಿ ಬಿಡಿಸಲು ಆಗುವುದೇ ಇಲ್ಲ. ಗೆರೆ ಸೊಟ್ಟಗಾದರೂ ಬಂಡೆಯೇ. ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ನೀಲಿ, ಎರಡೇ ಬಣ್ಣ ತಗೊಂಡು ಹೋಗಿ. ಕಂದು ಜಾಸ್ತಿ ಬೆರೆಸಿದರೆ ಬಿಸಿಲು ಬಿದ್ದ ಕಲ್ಲು, ನೀಲಿ ಜಾಸ್ತಿ ಬೆರೆಸಿದರೆ ನೆರಳಿನ ಕಲ್ಲು. ಬೆಳಿಗ್ಗೆ ಏಳಕ್ಕೆ, ಇಲ್ಲವೇ ಸಂಜೆ ನಾಲ್ಕೂವರೆ ಮೇಲೆ. ಆ ಹೊತ್ತಿಗೆ ಬೆಳಕು ಪಕ್ಕದಿಂದ ಬೀಳುತ್ತದೆ, ಕಲ್ಲಿನ ಪದರ, ಮಡಿಕೆ ಎಲ್ಲ ಎದ್ದು ಕಾಣುತ್ತದೆ, ಗೋಪುರದ ನೆರಳು ಉದ್ದಕ್ಕೆ ಚಾಚುತ್ತದೆ. ಗಾಜಿನ ಮನೆ ಬೇಕೇ ಬೇಕು ಅಂದರೆ ಒಂದೇ ಒಂದು ಕಮಾನು ಬಿಡಿಸಿ, ಪೆನ್ಸಿಲ್‌ನಲ್ಲಿ. ಜನವರಿ, ಆಗಸ್ಟ್‌ನಲ್ಲಿ ಫಲಪುಷ್ಪ ಪ್ರದರ್ಶನದ ಹೊತ್ತಿನಲ್ಲಿ ಮಾತ್ರ ಆ ಕಡೆ ಚಿತ್ರದ ಚೀಲ ಹಿಡಿದು ಹೋಗಬೇಡಿ, ಕೂರುವುದಿರಲಿ ನಿಲ್ಲಲೂ ಜಾಗ ಸಿಗುವುದಿಲ್ಲ.

ಇನ್ನು ದೋಸೆ. ದಾವಣಗೆರೆಯವರಾಗಿ ಬೆಂಗಳೂರಿನಲ್ಲಿ ದೋಸೆಗೆ ಕ್ಯೂ ನಿಂತಿದ್ದೀರಿ, ಇದನ್ನು ಊರಿನಲ್ಲಿ ಹೇಳಬೇಡಿ. ಹೋಟೆಲಿನ ಹೆಸರು ನೀವು ಬರೆದಿಲ್ಲ. ಗಾಂಧಿ ಬಜಾರ್ ಅಂದರೆ ಹೊಸಬರು ಸಾಮಾನ್ಯವಾಗಿ ಹುಡುಕಿಕೊಂಡು ಬರುವುದು ವಿದ್ಯಾರ್ಥಿ ಭವನವನ್ನು. 1943ರಿಂದ ಇರುವ ಹೋಟೆಲು, ಶುಕ್ರವಾರ ರಜೆ, ಶನಿವಾರ ಭಾನುವಾರ ಹೊರಗಡೆ ಜನ. ಹೆಸರು ಬರೆಸಿ ಕಾಯುವುದೂ ಅಲ್ಲಿನ ಅನುಭವದ ಭಾಗ ಅನ್ನುವವರಿದ್ದಾರೆ, ನಾನು ಆ ಪೈಕಿ ಅಲ್ಲ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ತಿಂದು ಆಮೇಲೆ ಲಾಲ್‌ಬಾಗಿಗೆ ಹೋಗಬೇಕು. ಇಲ್ಲವಾದರೆ ಅಲ್ಲೇ ಹತ್ತಿರ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ನಿಂತುಕೊಂಡೇ ಇಡ್ಲಿ ವಡೆ ತಿನ್ನಬೇಕು. ಸಾಂಬಾರ್ ಕೇಳಬೇಡಿ, ಅಲ್ಲಿ ಚಟ್ನಿ ಮಾತ್ರ. ಒಟ್ಟಿನಲ್ಲಿ ಹೊಟ್ಟೆ ಹಸಿದ ಮೇಲೆ ಹೆಸರಾದ ಹೋಟೆಲು ಹುಡುಕಬೇಡಿ.

ನಾಟಕಕ್ಕೆ ಬರೋಣ. ಶನಿವಾರದ ನಿಮ್ಮ ಓಡಾಟವನ್ನು ಮ್ಯಾಪಿನಲ್ಲಿ ಒಮ್ಮೆ ಹಾಕಿ ನೋಡಿ. ರಾಜರಾಜೇಶ್ವರಿ ನಗರದಿಂದ ಲಾಲ್‌ಬಾಗ್, ಗಾಂಧಿ ಬಜಾರ್ ಕಡೆ ಬಂದಿರಿ, ಅಲ್ಲಿಂದ ಪೂರ್ವದ ಇಂದಿರಾನಗರಕ್ಕೆ, ಮತ್ತೆ ಶನಿವಾರ ಸಂಜೆಯ ಟ್ರಾಫಿಕ್‌ನಲ್ಲಿ ದಕ್ಷಿಣದ ಜೆ.ಪಿ. ನಗರಕ್ಕೆ. ಹತ್ತೇ ನಿಮಿಷ ತಡವಾಯಿತಲ್ಲ, ಅದೇ ಆಶ್ಚರ್ಯ. ರಂಗಶಂಕರ 2004ರಲ್ಲಿ ಶುರುವಾಯಿತು. ನಟ ಶಂಕರ್ ನಾಗ್ ನೆನಪಿಗೆ, ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ ರಂಗಮಂದಿರ. ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ, ಯಾರೇ ಬಂದರೂ ತೆಗೆಯುವುದಿಲ್ಲ. ಹೊರಗೆ ನಿಂತವರಿಗೆ ಸಿಟ್ಟು ಬರುತ್ತದೆ, ಸಹಜ. ಒಳಗೆ ಕತ್ತಲಲ್ಲಿ ಕೂತು, ಯಾರದೋ ಮೊಬೈಲ್ ಟಾರ್ಚು ಸಾಲು ಹುಡುಕಿಕೊಂಡು ಬರುವುದನ್ನು ಬೇರೆ ಕಡೆ ಅನುಭವಿಸಿದವರಿಗೆ ಮಾತ್ರ ಈ ನಿಯಮದ ಬೆಲೆ ಗೊತ್ತು. ನಾನು ಪೂರ್ತಿ ನಿಯಮದ ಪರ.

ಹಾಗಾದರೆ ಹೇಗೆ ಹೋಗಬೇಕಿತ್ತು? ಹಸಿರು ಮಾರ್ಗದ ಮೆಟ್ರೋದಲ್ಲಿ ಲಾಲ್‌ಬಾಗ್ ಆದ ಮೇಲೆ ಸೌತ್ ಎಂಡ್ ಸರ್ಕಲ್, ಜಯನಗರ, ಆರ್.ವಿ. ರಸ್ತೆ, ಬನಶಂಕರಿ, ಆಮೇಲೆ ಜೆ.ಪಿ. ನಗರ. ಅಂದರೆ ನಿಮ್ಮ ಬೆಳಿಗ್ಗೆಯೂ ರಾತ್ರಿಯೂ ಒಂದೇ ಗೆರೆಯ ಮೇಲಿದ್ದವು. ನಡುವಿನ ಮಧ್ಯಾಹ್ನ ಮಾತ್ರ ಗೆರೆ ಬಿಟ್ಟು ಓಡಿತು. ಮಧ್ಯಾಹ್ನ ಬಸವನಗುಡಿಯಲ್ಲೇ ಇದ್ದಿದ್ದರೆ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಮರದ ಕೆಳಗೆ ಒಂದು ನಿದ್ದೆ ತೆಗೆಯಬಹುದಿತ್ತು, ಅಲ್ಲಿನ ಬಂಡೆಯೂ ಲಾಲ್‌ಬಾಗಿನ ಬಂಡೆಯ ಜಾತಿಯದೇ. ಪಕ್ಕದಲ್ಲೇ ದೊಡ್ಡ ಬಸವಣ್ಣ, ದೊಡ್ಡ ಗಣಪತಿ. ಸಂಜೆ ಆರಕ್ಕೆ ಮೆಟ್ರೋ ಹತ್ತಿ ಇಳಿದು ಆಟೋ ಹಿಡಿದರೆ, ಬಾಗಿಲು ಹಾಕುವ ಮುಂಚೆ ಅಲ್ಲಿನ ಕ್ಯಾಂಟೀನಿನಲ್ಲಿ ಏನಾದರೂ ತಿನ್ನಲೂ ಟೈಮ್ ಇರುತ್ತಿತ್ತು. ಇಂದಿರಾನಗರದ ಕ್ಲಾಸು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ನಿಮಗೆ ಅದು ಸುಲಭವೇ. ನಿಮ್ಮ ರಾಜರಾಜೇಶ್ವರಿ ನಗರದ ನಿಲ್ದಾಣವೂ ಇಂದಿರಾನಗರದ್ದೂ ಒಂದೇ ನೇರಳೆ ಮಾರ್ಗದಲ್ಲಿವೆ, ಬದಲಾಯಿಸುವ ಗೋಜೇ ಇಲ್ಲ. ಕಬ್ಬನ್ ಪಾರ್ಕ್ ನಿಲ್ದಾಣವೂ ಅದೇ ಮಾರ್ಗದಲ್ಲಿದೆ. ಹಾಗಾಗಿ ಒಂದು ದಿನ ಹಸಿರು, ಒಂದು ದಿನ ನೇರಳೆ ಅಂತ ಭಾಗ ಮಾಡಿಕೊಳ್ಳಿ. ಭಾನುವಾರ ಬೆಳಿಗ್ಗೆ ಮೆಟ್ರೋ ತಡವಾಗಿ ಶುರುವಾಗುತ್ತದೆ, ಅದೊಂದು ನೆನಪಿರಲಿ.

ಬಟ್ಟಲಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ನಿಮ್ಮ ಮನೆಯವರು ಅದರ ಆಸೆಗೇ ವೀಲ್ ಕೊಳ್ಳಲು ಹೊರಟಿದ್ದಾರೆ.

ಒದ್ದೆ ಮಣ್ಣಿನಲ್ಲಿ ನೀರು ಕಣಗಳ ನಡುವೆ ಕೂತಿರುತ್ತದೆ. ಒಣಗುವಾಗ ನೀರು ಹೋಗಿ ಕಣಗಳು ಹತ್ತಿರ ಸರಿಯುತ್ತವೆ, ಪಾತ್ರೆ ಕುಗ್ಗುತ್ತದೆ. ಎಲ್ಲ ಕಡೆ ಒಂದೇ ಸಮ ಕುಗ್ಗಿದರೆ ತೊಂದರೆ ಇಲ್ಲ. ಕಂಠ ತೆಳು, ತಳ ದಪ್ಪ ಇದ್ದರೆ ಕಂಠ ಮೊದಲು ಒಣಗಿ ಕುಗ್ಗುತ್ತದೆ, ತಳ ಇನ್ನೂ ಒದ್ದೆಯಾಗಿ ಅಗಲವಾಗಿಯೇ ಇರುತ್ತದೆ. ಎಳೆದಾಟದಲ್ಲಿ ಎಲ್ಲೋ ಒಂದು ಕಡೆ ಬಿಡುತ್ತದೆ. ಹೊಸಬರ ಬಟ್ಟಲಿಗೆ ತಳ ದಪ್ಪವೇ ಆಗುವುದು, ಅದರಲ್ಲಿ ನಾಚಿಕೆ ಇಲ್ಲ. ಇದಕ್ಕೆ ಫೆಬ್ರವರಿ ಸೇರಿತು. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್‌ನ ಮಧ್ಯಾಹ್ನದ ಗಾಳಿ ವರ್ಷದಲ್ಲೇ ಒಣ. ನೀವು ಅದನ್ನು ಬಹುಶಃ ಕಿಟಕಿ ಹತ್ತಿರ ಇಟ್ಟಿರಿ, ಇಲ್ಲವೇ ಬೇಗ ಒಣಗಲಿ ಅಂತ ಫ್ಯಾನ್ ಕೆಳಗೆ. ಬಿರುಕು ಎಲ್ಲಿದೆ ನೋಡಿ. ಕಂಠದಿಂದ ಕೆಳಗೆ ಇಳಿದಿದ್ದರೆ ಬೇಗ ಒಣಗಿಸಿದ್ದೇ ಕಾರಣ. ತಳದ ನಡುವೆ ಹಾವಿನಂತೆ ಡೊಂಕಾಗಿ ಹೋಗಿದ್ದರೆ, ವೀಲ್ ಮೇಲೆ ತಳವನ್ನು ಬೆರಳಿನಿಂದ ಒತ್ತಿ ಗಟ್ಟಿ ಮಾಡಿರಲಿಲ್ಲ, ಅಥವಾ ಒಳಗೆ ನೀರು ನಿಂತಿತ್ತು ಅಂತ ಅರ್ಥ.

ಮಾಡಬೇಕಾದ್ದು ಇಷ್ಟು. ಮನೆಗೆ ತಂದ ತಕ್ಷಣ ತೆಳು ಪ್ಲಾಸ್ಟಿಕ್ ಕವರ್ ಹೊದಿಸಿ ನೆರಳಲ್ಲಿಡಿ. ಉಗುರು ಒತ್ತಿದರೆ ಗುರುತು ಬೀಳಬೇಕು, ಆದರೆ ಎತ್ತಿದರೆ ಬಗ್ಗಬಾರದು. ಆ ಹದ ಬಂದಾಗ ಬೋರಲು ಹಾಕಿ. ತಳಕ್ಕೂ ಗಾಳಿ ಸಿಗುತ್ತದೆ, ಕಂಠದ ಅವಸರ ಕಮ್ಮಿಯಾಗುತ್ತದೆ. ಕವರನ್ನು ದಿನಾ ಸ್ವಲ್ಪ ಸ್ವಲ್ಪ ಸಡಿಲ ಮಾಡುತ್ತಾ ಹೋಗಿ. ಒಂದು ವಾರ ಆದರೂ ಬೇಕು. ಅಷ್ಟಾದ ಮೇಲೂ ಅದು ಬರೀ ಒಣ ಮಣ್ಣು, ನೀರು ಹಾಕಿದರೆ ಕರಗುತ್ತದೆ. ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್ ಹತ್ತಿರ ಸುಟ್ಟ ಮೇಲೇ ಪಾತ್ರೆ. ಮನೆಯ ಓವನ್ ಇದಕ್ಕೆ ಯಾವ ಮೂಲೆಗೂ ಸಾಲುವುದಿಲ್ಲ. ನಿಜ ಹೇಳಬೇಕೆಂದರೆ ಹೊಸಬರ ಕೈಗೆ ಹಸಿ ಬಟ್ಟಲು ಕೊಟ್ಟು ಕಳಿಸುವ ಕ್ಲಾಸು ಅರ್ಧ ಕ್ಲಾಸು. ಒಣಗಿಸಿ ಸುಟ್ಟುಕೊಡುತ್ತೀರಾ, ಅದಕ್ಕೆ ಬೇರೆ ದುಡ್ಡಾ ಅಂತ ಕೇಳಿಯೇ ಸೇರಬೇಕು.

ಒಡೆದ ಬಟ್ಟಲನ್ನು ಎಸೆಯಬೇಡಿ. ಪೂರ್ತಿ ಒಣಗಲು ಬಿಟ್ಟು, ಪುಡಿ ಮಾಡಿ, ಬಕೆಟ್ ನೀರಿಗೆ ಹಾಕಿ. ಅರೆ ಒದ್ದೆ ಉಂಡೆ ನೀರಿನಲ್ಲಿ ಹಾಗೇ ಮೊಂಡಾಗಿ ಕೂರುತ್ತದೆ, ಪೂರ್ತಿ ಒಣಗಿದ್ದು ತಾನಾಗೇ ಕುಸಿದು ಕೆಸರಾಗುತ್ತದೆ. ಅದನ್ನು ಬಟ್ಟೆಯ ಮೇಲೆ ಹರಡಿ ಹದಕ್ಕೆ ಬಂದಾಗ ಮಿದ್ದರೆ ಮತ್ತೆ ಹೊಸ ಮಣ್ಣು. ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ.

ಈಗ ವೀಲ್ ಯಾಕೆ ಬೇಡ ಅಂದೆ ಅಂತ ಗೊತ್ತಾಯಿತಲ್ಲ? ಪಾಟರಿಯಲ್ಲಿ ವೀಲ್ ಅರ್ಧ ಗಂಟೆಯ ಕೆಲಸ. ಉಳಿದದ್ದು ಒಣಗಿಸುವುದು, ಸುಡುವುದು, ಮಣ್ಣು ಮಿದಿಯುವುದು, ನೆಲ ಒರೆಸುವುದು. ಬಾಡಿಗೆ ಮನೆಯಲ್ಲಿ ಸುಡುವ ಏರ್ಪಾಡಿಲ್ಲದೆ ವೀಲ್ ಇಟ್ಟುಕೊಂಡರೆ ಆರು ತಿಂಗಳಲ್ಲಿ ಅದರ ಮೇಲೆ ಇಸ್ತ್ರಿ ಬಟ್ಟೆ ಕೂರುತ್ತದೆ. ನಿಮ್ಮ ಮನೆಯವರಿಗೆ ನಿಜವಾದ ಆಸೆ ಇದ್ದರೆ, ಮಣ್ಣಿನ ಉಂಡೆಗೆ ಹೆಬ್ಬೆರಳು ಒತ್ತಿ ತಿರುಗಿಸುತ್ತಾ ಬಟ್ಟಲು ಮಾಡುವುದನ್ನು ಮೊದಲು ಕಲಿಯಲಿ. ಅದಕ್ಕೆ ಒಂದು ಮಣೆ ಸಾಕು. ಗೋಡೆ ಎಲ್ಲ ಕಡೆ ಒಂದೇ ದಪ್ಪ ಬರುವುದು ಹೇಗೆ ಅಂತ ಬೆರಳಿಗೆ ಗೊತ್ತಾಗುವುದು ಅಲ್ಲೇ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿಗೂ ಒಮ್ಮೆ ಕರೆದುಕೊಂಡು ಹೋಗಿ. ಅಲ್ಲಿನ ಕುಂಬಾರರು ತಿಗರಿ ಮೇಲೆ ಹಣತೆ ಎಬ್ಬಿಸುವ ವೇಗ ನೋಡಿದರೆ ಎಂಥವರ ಅಹಂಕಾರವೂ ಇಳಿಯುತ್ತದೆ. ದೀಪಾವಳಿ, ಗಣೇಶನ ಹಬ್ಬದ ಮುಂಚಿನ ವಾರಗಳಲ್ಲಿ ಹೋದರೆ ಕೆಲಸ ಭರದಿಂದ ನಡೆಯುತ್ತಿರುತ್ತದೆ. ಅವರು ದುಡಿಯುವ ಹೊತ್ತು ಅದು, ಅಡ್ಡ ನಿಂತು ವಿಡಿಯೋ ಮಾಡಬೇಡಿ, ಏನಾದರೂ ಕೊಂಡುಕೊಳ್ಳಿ.

ನಂದಿ ಬೆಟ್ಟಕ್ಕೆ ಜಾಸ್ತಿ ಹೇಳುವುದಿಲ್ಲ. 1478 ಮೀಟರ್ ಎತ್ತರ, ಊರಿಗಿಂತ ಐನೂರು ಮೀಟರಿಗೂ ಮೇಲೆ. ರಾತ್ರಿ ತಣ್ಣಗಾದ ಗಾಳಿ ಬೆಟ್ಟ ಹತ್ತುವಾಗ ಇನ್ನಷ್ಟು ತಣಿದು ಮೋಡವಾಗಿ ತುದಿಯಲ್ಲೇ ನಿಲ್ಲುತ್ತದೆ. ಮಧ್ಯಾಹ್ನದ ಗಾಳಿ ಎಷ್ಟೇ ಒಣ ಇದ್ದರೂ ಬೆಳಗಿನ ಜಾವದ ಗಾಳಿಯಲ್ಲಿ ತೇವ ಇರುತ್ತದೆ, ಹಾಗಾಗಿ ಫೆಬ್ರವರಿಯಲ್ಲೂ ಇದು ಆಗುತ್ತದೆ. ಬಿಸಿಲೇರಿದ ಮೇಲೆ ತಾನಾಗೇ ಕರಗುತ್ತದೆ, ಅಷ್ಟರಲ್ಲಿ ಸೂರ್ಯೋದಯಕ್ಕೆ ಬಂದವರೆಲ್ಲ ಬೇಜಾರಾಗಿ ಕೆಳಗೆ ಇಳಿಯುತ್ತಿರುತ್ತಾರೆ. ಕೆಲವರು ಆ ಮಂಜಿಗೇ ಹೋಗುತ್ತಾರೆ. ನೀವು ಸೂರ್ಯನಿಗೆ ಹೋದಿರಿ. ನನ್ನ ಅಭಿಪ್ರಾಯ ಕೇಳಿದರೆ, ರಾತ್ರಿ ನಾಟಕ ಇಟ್ಟುಕೊಂಡು ಮರುದಿನ ನಾಲ್ಕಕ್ಕೆ ಎದ್ದು ಅರವತ್ತು ಕಿಲೋಮೀಟರ್ ಗಾಡಿ ಓಡಿಸುವುದೇ ಬೇಡದ ಸಾಹಸ. ವಾರದ ನಡುವೆ ರಜೆ ಸಿಕ್ಕ ದಿನ ಹೋಗಿ.

ಕೊನೆಗೆ ಆ ಹಕ್ಕಿ. ಕನ್ನಡದಲ್ಲಿ ಅದಕ್ಕೆ ಕಂಚುಗಾರ ಅನ್ನುತ್ತಾರೆ. ಗುಬ್ಬಿಗಿಂತ ಸ್ವಲ್ಪ ದಪ್ಪ, ಎಲೆ ಹಸಿರು ಮೈ, ಹಣೆಯೂ ಎದೆಯ ಪಟ್ಟಿಯೂ ಕೆಂಪು, ಗಂಟಲು ಹಳದಿ. ಇಷ್ಟು ಬಣ್ಣ ಇದ್ದೂ ಕಾಣುವುದಿಲ್ಲ, ಎಲೆಯೊಳಗೆ ಎಲೆಯಾಗಿ ಕೂರುತ್ತದೆ. ನೀವು ಹುಡುಕಿ ಹಿಡಿದಿರಿ ಅಂದರೆ ನಿಮಗೆ ತಾಳ್ಮೆ ಇದೆ. ಚಿತ್ರ ಬಿಡಬೇಡಿ ಅಂತ ನಾನು ಹೇಳಿದ್ದು ಈ ಧೈರ್ಯದ ಮೇಲೆ. ಹುಡುಕಲು ಒಂದು ಉಪಾಯ ಇದೆ. ಅದು ಕೂಗುವಾಗ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತದೆ, ಹಾಗಾಗಿ ಸದ್ದು ಒಮ್ಮೆ ಎಡದಿಂದ ಒಮ್ಮೆ ಬಲದಿಂದ ಬಂದಂತಾಗಿ ಮೋಸ ಹೋಗುತ್ತೇವೆ. ಸದ್ದಿನ ಹಿಂದೆ ಓಡಬೇಡಿ. ಮರದ ತುತ್ತತುದಿಯ ಎಲೆ ಇಲ್ಲದ ಕೊಂಬೆಗಳನ್ನು ಒಂದೊಂದಾಗಿ ನೋಡಿ, ಬೆಳಿಗ್ಗೆ ಬಿಸಿಲು ಕಾಯಲು ಅಲ್ಲೇ ಬಂದು ಕೂರುತ್ತದೆ. ಆಲ, ಅತ್ತಿ ಹಣ್ಣು ಬಿಟ್ಟ ಮರ ಇದ್ದರೆ ಇನ್ನೂ ಸುಲಭ. ಗೂಡನ್ನು ಸತ್ತ ಕೊಂಬೆಯಲ್ಲಿ ತಾನೇ ಕೊರೆದುಕೊಳ್ಳುತ್ತದೆ. ಒಣ ಕೊಂಬೆಯನ್ನೆಲ್ಲ ಕಡಿದು ಪಾರ್ಕನ್ನು ಚೊಕ್ಕ ಮಾಡಿದರೆ ಇದಕ್ಕೆ ಮನೆ ಇಲ್ಲ. ಇನ್ನೊಂದು ಬರುತ್ತದೆ, ಕುಟ್ರೂ ಕುಟ್ರೂ ಅಂತ ಕೂಗುವುದು. ಅದು ಇದರ ದೊಡ್ಡ ನೆಂಟ, ಕುಟ್ರು ಹಕ್ಕಿ. ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ನಿಮ್ಮ ಬಡಾವಣೆಯಲ್ಲೂ ಕೇಳಿಸಲು ಶುರುವಾಗುತ್ತದೆ.

ಮರ್ಲಿನ್ ಬಗ್ಗೆ ಒಂದು ಮಾತು. ಒಳ್ಳೆ ಆ್ಯಪ್, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರದು, ಉಚಿತ. ಭಾರತದ ಪ್ಯಾಕ್ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಅದು ಹೇಳಿದ್ದೆಲ್ಲ ನಿಜ ಅಂತ ಬರೆದುಕೊಳ್ಳಬೇಡಿ. ಗಾಡಿ ಬ್ರೇಕು ಕೀರಲು ಸದ್ದು ಮಾಡಿದರೂ ಒಂದೊಂದು ಸಲ ಏನಾದರೂ ಹೆಸರು ಕೊಡುತ್ತದೆ. ನೀವು ಮಾಡಿದ್ದೇ ಸರಿ: ಹೆಸರು ಅದು ಹೇಳಲಿ, ಕಣ್ಣಿನಿಂದ ನೋಡಿ ನೀವು ಖಚಿತ ಮಾಡಿಕೊಳ್ಳಿ. ಹಕ್ಕಿ ಹತ್ತಿರ ಬರಲಿ ಅಂತ ಮೊಬೈಲಿನಲ್ಲಿ ಅದರ ಕೂಗು ಹಾಕಬೇಡಿ. ಮರಿ ಮಾಡುವ ಕಾಲದಲ್ಲಿ ಇನ್ನೊಂದು ಹಕ್ಕಿ ಬಂತು ಅಂತ ಅದು ಗೂಡು ಬಿಟ್ಟು ಓಡಾಡುತ್ತದೆ.

ಕಬ್ಬನ್ ಪಾರ್ಕ್ ನಿಮಗೆ ಒಗ್ಗಿದ್ದರಲ್ಲಿ ಆಶ್ಚರ್ಯ ಇಲ್ಲ. 1870ರ ಉದ್ಯಾನ, ಭಾನುವಾರ ಒಳಗಿನ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ, ಹಾಗಾಗಿ ಹಕ್ಕಿ ಕೂಗು ಕೇಳಿಸುತ್ತದೆ. ಫೆಬ್ರವರಿಯಲ್ಲಿ ಗುಲಾಬಿ ಟಬೆಬುಯಾ ಹೂ ಬಿಟ್ಟಿರುತ್ತದೆ, ಹಿಂದೆಯೇ ಹಳದಿಯದು, ಆಮೇಲೆ ನೀಲಿ ಜಕರಾಂಡ, ಏಪ್ರಿಲ್ ಮೇ ಹೊತ್ತಿಗೆ ಗುಲ್‌ಮೊಹರ್. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಮರ ನೆಡುವ ಯೋಚನೆಯನ್ನು ಈ ಊರಿಗೆ ಕೊಟ್ಟವರು ಕ್ರುಂಬಿಗಲ್ ಅಂತ ಹೇಳುತ್ತಾರೆ, ಲಾಲ್‌ಬಾಗನ್ನು ನೋಡಿಕೊಂಡಿದ್ದ ಜರ್ಮನ್ ಮನುಷ್ಯ. ಕಸ್ತೂರಬಾ ರಸ್ತೆ ಕಡೆ ಹೊರಬಂದರೆ ಸರ್ಕಾರಿ ಮ್ಯೂಸಿಯಂ. ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗಿ, ಒಳಗೆ ಆತಕೂರಿನ ವೀರಗಲ್ಲು ಹುಡುಕಿ. 949-950ರ ಸುಮಾರಿನದು. ಕಾಳಿ ಅನ್ನುವ ನಾಯಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಆ ನಾಯಿಗಾಗಿ ನಿಲ್ಲಿಸಿದ ಕಲ್ಲು. ಕೆತ್ತನೆಯಲ್ಲಿ ನಾಯಿ ಹಂದಿ ಎರಡೂ ಇವೆ. ಪೆನ್ಸಿಲ್ ಕೈಯಲ್ಲಿದ್ದರೆ ಬಿಡಿಸಿಕೊಳ್ಳಿ, ಕಲ್ಲು ಅಲ್ಲಾಡುವುದಿಲ್ಲ, ಬಿಸಿಲೂ ಸರಿಯುವುದಿಲ್ಲ, ಹೊಸಬರಿಗೆ ಇದಕ್ಕಿಂತ ಒಳ್ಳೆ ಮಾಡೆಲ್ ಇಲ್ಲ.

ಬೈನಾಕ್ಯುಲರ್ ಕೊಳ್ಳುವುದಾದರೆ 8x42 ತಗೊಳ್ಳಿ. ಎಂಟು ಅಂದರೆ ಎಂಟು ಪಟ್ಟು ಹತ್ತಿರ, ನಲವತ್ತೆರಡು ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಹತ್ತು, ಹನ್ನೆರಡು ಪಟ್ಟಿನದು ಇನ್ನೂ ಒಳ್ಳೆಯದು ಅಂತ ಅಂಗಡಿಯವರು ಹೇಳಿದರೆ ಕೇಳಬೇಡಿ, ಪಟ್ಟು ಜಾಸ್ತಿ ಆದಷ್ಟೂ ಕೈ ನಡುಕವೂ ಅಷ್ಟೇ ಪಟ್ಟು ಕಾಣುತ್ತದೆ, ಹಕ್ಕಿ ಹುಡುಕುವುದೂ ಕಷ್ಟ. ಇಬ್ಬರಿಗೆ ಒಂದೇ ಸಾಕು, ಒಬ್ಬರು ನೋಡುವಾಗ ಇನ್ನೊಬ್ಬರು ಬಿಡಿಸಲಿ. ಕೊಳ್ಳುವ ಮುಂಚೆ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಹೋಗಿ, ಹಕ್ಕಿ ನೋಡುವವರು ಅವತ್ತು ಅಲ್ಲಿ ಸೇರುವ ರೂಢಿ ದಶಕಗಳಿಂದ ಇದೆ. ಕೇಳಿದರೆ ತಮ್ಮದನ್ನು ಒಂದು ನಿಮಿಷ ನೋಡಲು ಕೊಡುತ್ತಾರೆ, ಯಾವುದು ನಿಮ್ಮ ಕೈಗೆ ಕೂರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಅವತ್ತು ಬಣ್ಣದ ಚೀಲವೂ ಜೊತೆಗಿರಲಿ, ಹೇಗಿದ್ದರೂ ಬಂಡೆ ಅಲ್ಲೇ ಇದೆ.